ಜೀನ್ ಸಾಗಿಸುವ ಪಾಲಿಮರ್ ಲಿಪಿಡ್ ಪೊರೆಯನ್ನು ಸಡಿಲಿಸುವುದೇ ಎಂದು ಪರೀಕ್ಷಿಸುವ ಬಗೆ

ಜೀನ್ ಸಾಗಣೆಗೆ 1995ರಿಂದ ಬಳಕೆಯಲ್ಲಿರುವ ಪಾಲಿಎಥಿಲೀನ್‌ಇಮೈನ್, ಅಂದರೆ ಪಿಇಐ, ಧನಾವೇಶದ ಪಾಲಿಮರ್ ಆಗಿದ್ದು, ಋಣಾವೇಶದ ಡಿಎನ್‌ಎಯನ್ನು ಹಿಡಿದಿಡುವ ಅದೇ ಗುಣದಿಂದ ಜೀವಕೋಶದ ಪೊರೆಗೂ ಅಂಟಿಕೊಳ್ಳುತ್ತದೆ. ಅದು ಪೊರೆಯನ್ನು ಎಷ್ಟು ಸಡಿಲಿಸುತ್ತದೆ ಎಂಬುದನ್ನು ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣದ ಸೋರಿಕೆಯ ಪ್ರಯೋಗದಿಂದ ಅಳೆಯಬಹುದು.

ಡಿಒಪಿಸಿ ಎಂಬ ಲಿಪಿಡ್‌ಗೆ (ಪೊರೆ ಕಟ್ಟುವ ಕೊಬ್ಬಿನಂಥ ಅಣು) ಋಣಾವೇಶದ ಇನ್ನೊಂದು ಲಿಪಿಡ್ ಡಿಒಪಿಎಸ್ ಬೆರೆಸಿ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ದ್ರಾವಕವನ್ನು ಪೂರ್ತಿ ಆವಿಯಾಗಿಸಿ, ಉಳಿದ ತೆಳು ಪದರವನ್ನು ಸುಮಾರು 70 ಮಿಲಿಮೋಲಾರ್ ಕ್ಯಾಲ್ಸೀನ್ ದ್ರಾವಣದಲ್ಲಿ ನೆನೆಸಿ, 100 ನ್ಯಾನೋಮೀಟರ್ ರಂಧ್ರಗಳ ಪಾಲಿಕಾರ್ಬೊನೇಟ್ ಫಿಲ್ಟರ್ ಮೂಲಕ ಹಲವು ಸಲ ಹಾಯಿಸಿರಿ; ಆಗ ಒಳಗೆ ಬಣ್ಣ ತುಂಬಿದ ಲೈಪೋಸೋಮ್‌ಗಳು, ಅಂದರೆ ಲಿಪಿಡ್ ಪೊರೆಯ ಸಣ್ಣ ಗುಳ್ಳೆಗಳು, ಸಿಗುತ್ತವೆ. ಲೈಪೋಸೋಮ್‌ಗಳ ಹೊರಗುಳಿದ ಬಣ್ಣವನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವ ಸೆಫಡೆಕ್ಸ್ ಕಾಲಮ್‌ನಲ್ಲಿ ಬೇರ್ಪಡಿಸುವಾಗ ಹೊರಗಿನ ಬಫರ್‌ನ ಆಸ್ಮೋಟಿಕ್ ಒತ್ತಡ ಒಳಗಿನದಕ್ಕೆ ಸಮನಾಗಿರಬೇಕು; ಇಲ್ಲವಾದರೆ ಪಾಲಿಮರ್ ಸೇರಿಸುವ ಮೊದಲೇ ಅವು ಸೋರಬಹುದು.

ಗಾಢವಾಗಿ ತುಂಬಿದ ಕ್ಯಾಲ್ಸೀನ್ ತನ್ನ ಹೊಳಪನ್ನು ತಾನೇ ನಂದಿಸಿಕೊಳ್ಳುತ್ತದೆ. ಹೊರಬಂದು ತೆಳುವಾದಾಗ 515 ನ್ಯಾನೋಮೀಟರ್ ಬಳಿ ಬೆಳಗುತ್ತದೆ. ಮೊದಲ ಹೊಳಪನ್ನು ದಾಖಲಿಸಿ, ಪಿಇಐ ಸೇರಿಸಿ ಏರಿಕೆಯನ್ನು ಗಮನಿಸಿ, ಕೊನೆಗೆ ಪೊರೆಯನ್ನು ಪೂರ್ತಿ ಒಡೆಯುವ ಡಿಟರ್ಜೆಂಟ್ ಆದ ಟ್ರೈಟಾನ್ ಎಕ್ಸ್-100 ಹಾಕಿದಾಗ ಸಿಗುವ ಗರಿಷ್ಠ ಹೊಳಪನ್ನು ಶೇ. 100 ಸೋರಿಕೆಯೆಂದು ತೆಗೆದುಕೊಳ್ಳಿರಿ.

ನನ್ನ ದೃಷ್ಟಿಯಲ್ಲಿ ಎಂದಿಗೂ ಬಿಡಬಾರದ ಹೋಲಿಕೆ ಪರೀಕ್ಷೆಯೊಂದಿದೆ. ಕ್ಯಾಲ್ಸೀನ್ ಕೂಡ ಋಣಾವೇಶದ್ದೇ ಆದ್ದರಿಂದ ಪಿಇಐ ಅದಕ್ಕೇ ಅಂಟಿ ಹೊಳಪನ್ನು ಕುಗ್ಗಿಸಬಹುದು. ಹಾಗಾಗಿ ಲೈಪೋಸೋಮ್‌ಗಳಿಲ್ಲದ ಬಣ್ಣಕ್ಕೂ ಅಷ್ಟೇ ಪಾಲಿಮರ್ ಸೇರಿಸಿ ನೋಡಿರಿ. ಡಿಎನ್‌ಎಯೊಂದಿಗೆ ಕೂಡಿದ ಪಿಇಐ ಮತ್ತು ಬಿಡಿ ಪಿಇಐ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ, ಏಕೆಂದರೆ ಹೆಚ್ಚು ಪಾಲಿಮರ್ ಬಳಸಿ ತಯಾರಿಸಿದ ಮಿಶ್ರಣದಲ್ಲಿ ಡಿಎನ್‌ಎಗೆ ಅಂಟದೆ ಉಳಿದ ಭಾಗವೂ ಪೊರೆಯ ಮೇಲೆ ಕೆಲಸ ಮಾಡುತ್ತಿರುತ್ತದೆ.