ಮೇ ತಿಂಗಳ ಮುರುಗಲು

ಮೊನ್ನೆ ಮಧ್ಯಾಹ್ನ ಎದುರು ಮನೆಯ ಹುಬ್ಬಳ್ಳಿ ಹುಡುಗಿ ಕೈಯಲ್ಲೊಂದು ಬಾಟಲಿ ಹಿಡಿದು ಬಂದಳು. "ಅಜ್ಜೀ, ಕೋಕಮ್ ಸರಬತ್ತು ಪಿತ್ತಕ್ಕ ಚಲೋ ಅಂತಾರಲ್ರೀ, ದಿನಾ ಮೂರು ಗ್ಲಾಸ್ ಕುಡ್ಯಾಕತ್ತೀನಿ. ಎದಿ ಉರಿ ಕಡಿಮಿ ಆಗೋದು ಬಿಟ್ಟು ಹೆಚ್ಚೇ ಆಗೇದ್ರಿ." ಕನ್ನಡಕ ಹುಡುಕಿ ಹಾಕಿಕೊಂಡು ಬಾಟಲಿಯ ಹಿಂದಿನ ಚೀಟಿ ಓದಿದೆ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಎಂಬುದು ನಿಯಮ. ಮೊದಲ ಹೆಸರು ಸಕ್ಕರೆ, ಆಮೇಲೆ ನೀರು, ಕೋಕಮ್ ಮೂರನೆಯದು, ಅದರ ಬೆನ್ನಿಗೆ ಬಣ್ಣ. "ಕೂಸೇ, ನೀನು ಕುಡಿದಿದ್ದು ಸಕ್ಕರೆ ಪಾಕ. ಮುರುಗಲು, ಅಂದರೆ ನಿನ್ನ ಕೋಕಮ್, ಅದರ ಪಕ್ಕದಲ್ಲಿ ಹಾದು ಹೋಗಿದೆ ಅಷ್ಟೇ" ಎಂದೆ. ಪಾಪ, ಮುಖ ಸಣ್ಣ ಮಾಡಿಕೊಂಡಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿರಸಿ ಕಡೆಯವಳು. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಮೊದಲ ಬೇಸಿಗೆಯಲ್ಲಿ ದಾದರ್ ಮಾರ್ಕೆಟ್ಟಿನಲ್ಲಿ ಮುರುಗಲು ಕೇಳಿ ಕೇಳಿ ಸೋತಿದ್ದೆ. ಬುಟ್ಟಿಯ ತುಂಬ ಅದೇ ಹಣ್ಣು ಕಣ್ಣೆದುರೇ ಇದೆ, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. ಮಾರುವ ಮಾವಶಿ ನಕ್ಕು "ರಾತಾಂಬೇ" ಅಂದಳು. ಇಲ್ಲಿ ಹಸಿ ಹಣ್ಣಿಗೆ ರಾತಾಂಬಾ, ಉಪ್ಪು ಕುಡಿಸಿ ಒಣಗಿಸಿದ ಸಿಪ್ಪೆಗೆ ಆಮ್ಸೂಲ್, ಉಪ್ಪು ಹಾಕಿ ಇಳಿಸಿದ ರಸಕ್ಕೆ ಆಗಳ. ನಮ್ಮ ಕಟ್ಟಡದ ಮಂಗಳೂರಿನವರಿಗೆ ಅದೇ ಪುನರ್ಪುಳಿ, ಗೋವಾದವರ ಬಾಯಲ್ಲಿ ಭಿರಂಡ, ಅದರ ಒಣ ಸಿಪ್ಪೆ ಸೋಲ್. ತೆಂಗಿನ ಹಾಲು ಸೇರಿಸಿ ಮಾಡುವ ಸೋಲ್ ಕಡಿಗೆ ಆ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಹೆಸರುಗಳನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ, ಏಕೆಂದರೆ ಹಣ್ಣು ಒಂದೇ ಆದರೂ ಈ ಒಂದೊಂದು ರೂಪದ ಕೆಲಸವೂ ಬೇರೆ. ಜನ ಎಡವುವುದು ಇಲ್ಲೇ.

ಮುರುಗಲು ಪಶ್ಚಿಮ ಘಟ್ಟದ ಮರ. ಕೊಂಕಣ, ಗೋವಾ, ನಮ್ಮ ಉತ್ತರ ಕನ್ನಡ, ಅಲ್ಲಿಂದ ಕೆಳಗೆ ದಕ್ಷಿಣ ಕನ್ನಡದವರೆಗೂ ಇದೆ. ಸಿಂಧುದುರ್ಗ ಮತ್ತು ರತ್ನಾಗಿರಿಯ ಕೋಕಮ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿ ಬೆಳೆಸಿದರೆ ಹೂ ಬಿಡುವ ತನಕ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ನನ್ನ ಅಪ್ಪಯ್ಯ ವರ್ಷಗಟ್ಟಲೆ ನೀರು ಹೊಯ್ದ ಒಂದು ಗಿಡ ಕೊನೆಗೆ ಗಂಡಾಗಿ ನಿಂತಿತ್ತು. "ನೆರಳಾದರೂ ಕೊಡ್ತು" ಅಂತ ಆಯಿ ಸಮಾಧಾನ ಮಾಡಿದ್ದು ನೆನಪಿದೆ. ಈಗ ಎಲ್ಲರೂ ಕಸಿ ಗಿಡವನ್ನೇ ನೆಡುತ್ತಾರೆ. ಹಣ್ಣು ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಮಳೆ ಹಿಡಿದರೆ ಮರದಲ್ಲಿದ್ದದ್ದು ನೆಲಕ್ಕೆ ಬಿದ್ದು ಕೊಳೆಯುತ್ತದೆ. ಹಾಗಾಗಿ ವರ್ಷದ ಸಂಗ್ರಹವೆಲ್ಲ ಈ ನಾಲ್ಕೈದು ವಾರಗಳಲ್ಲೇ ಆಗಬೇಕು.

ವೈದ್ಯ ಗ್ರಂಥಗಳು ಇದನ್ನು ವೃಕ್ಷಾಮ್ಲ, ಅಂದರೆ ಮರದ ಹುಳಿ, ಎನ್ನುತ್ತವೆ. ಚರಕ ಸಂಹಿತೆಯಲ್ಲಿ 'ಹೃದ್ಯ' ಎಂದು ಹತ್ತು ದ್ರವ್ಯಗಳ ಒಂದು ಗುಂಪಿದೆ. ಮಾವು, ದಾಳಿಂಬೆ, ಬೋರೆ, ಮಾದಳದ ಜೊತೆ ವೃಕ್ಷಾಮ್ಲಕ್ಕೂ ಅಲ್ಲಿ ಜಾಗವಿದೆ. ಭಾವಪ್ರಕಾಶ ಇನ್ನೂ ಬಿಡಿಸಿ ಹೇಳುತ್ತದೆ: ಕಾಯಿ ಉಷ್ಣ, ವಾತವನ್ನು ಇಳಿಸುತ್ತದೆ, ಪಿತ್ತ ಕಫಗಳನ್ನು ಹೆಚ್ಚಿಸುತ್ತದೆ, ಹಣ್ಣು ಬಾಯಿಗೆ ರುಚಿ ತರುತ್ತದೆ, ಹಸಿವೆ ಎಬ್ಬಿಸುತ್ತದೆ, ಭೇದಿ ಕಟ್ಟುತ್ತದೆ, ಬಾಯಾರಿಕೆ, ಮೂಲವ್ಯಾಧಿ, ಗ್ರಹಣಿ (ಅಜೀರ್ಣದ ಭೇದಿ), ಹೊಟ್ಟೆಶೂಲೆಗೆ ಒಳ್ಳೆಯದು. ನಾವೆಲ್ಲ 'ತಂಪು, ತಂಪು' ಎಂದು ಕುಡಿಯುವ ವಸ್ತುವನ್ನು ಗ್ರಂಥ ಉಷ್ಣವೆಂದೇ ಎಣಿಸುತ್ತದೆ! ಹಾಗಾದರೆ ಅಜ್ಜಿಯರು ಹೇಳಿದ್ದು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಅವರು ಕೊಡುತ್ತಿದ್ದದ್ದು ತೆಳ್ಳಗೆ ನೀರು ಮಾಡಿ, ಉಪ್ಪು, ಜೀರಿಗೆ ಹಾಕಿ, ಊಟದ ಜೊತೆ ಅಥವಾ ಬಿಸಿಲಿನಿಂದ ಬಂದವರಿಗೆ ಆಸರಿಗೆ. ಮುಂಬಯಿಯ ಈ ಬೆವರಿನಲ್ಲಿ ಲೋಕಲ್ ಟ್ರೈನ್ ಇಳಿದು ಮನೆಗೆ ಬಂದವನ ಮೈಯಿಂದ ಉಪ್ಪು ನೀರು ಎರಡೂ ಹೋಗಿರುತ್ತವೆ. ಹುಳಿ ಬಾಯಿ ಚಪಲ ಎಬ್ಬಿಸಿ ಒಂದು ಲೋಟದ ಜಾಗದಲ್ಲಿ ಎರಡು ಲೋಟ ಕುಡಿಸುತ್ತದೆ. ತಂಪಾಗುವುದು ಅಲ್ಲಿ. ಖಾಲಿ ಹೊಟ್ಟೆಯಲ್ಲಿ ಗಟ್ಟಿ ಹುಳಿ ಕುಡಿದು ಎದೆಯುರಿ ಎಂದರೆ ಹಣ್ಣೇನು ಮಾಡೀತು?

ಅದಕ್ಕೇ ನನ್ನ ಮತ ಆಗಳಕ್ಕೆ. ಚೆನ್ನಾಗಿ ಕೆಂಪಗೆ, ಕಪ್ಪಿಗೆ ತಿರುಗುವಷ್ಟು ಹಣ್ಣಾದವನ್ನು ಆರಿಸಿ. ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒರೆಸಿ, ಅಡ್ಡಕ್ಕೆ ಎರಡು ಹೋಳು ಮಾಡಿ. ಒಳಗಿನ ಬಿಳಿ ತಿರುಳು, ಬೀಜ ಬೇರೆ ತೆಗೆದಿಡಿ, ಎಸೆಯಬೇಡಿ. ಒಂದು ಕೆಜಿ ಸಿಪ್ಪೆಗೆ ನಾನು ಸುಮಾರು 200 ಗ್ರಾಂ ಕಲ್ಲುಪ್ಪು ಹಾಕುತ್ತೇನೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಹಿಡಿ ಉಪ್ಪು. ಬಾಯಿಗೆ ಬಟ್ಟೆ ಕಟ್ಟಿ ಗ್ಯಾಲರಿಯ ಬಿಸಿಲಲ್ಲಿ ವಾರ ಇಡಿ, ದಿನಕ್ಕೊಮ್ಮೆ ಕುಲುಕಿ. ಎರಡನೇ ದಿನಕ್ಕೇ ಸಿಪ್ಪೆ ಸೋತು ತಳದಲ್ಲಿ ದಾಸವಾಳದ ಬಣ್ಣದ ರಸ ನಿಲ್ಲುತ್ತದೆ, ವಾರಕ್ಕೆ ಭರಣಿ ತುಂಬ ರಸ. ಸೋಸಿ ಬಾಟಲಿಗೆ ತುಂಬಿದರೆ ಮುಂದಿನ ಮೇ ತನಕ ಕೆಡುವುದಿಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ಸಾಕು, ಮೇಲೆ ಉಪ್ಪು ಬೇಡವೇ ಬೇಡ. ಹುರಿದು ಕುಟ್ಟಿದ ಜೀರಿಗೆ ಒಂದು ಚಿಟಿಕೆ. ಸಿಹಿ ಬೇಕೆನ್ನುವ ಮಕ್ಕಳಿಗೆ ಚೂರು ಬೆಲ್ಲ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಹತ್ತಿರ ಸುಳಿಯಬಾರದು. ಹುಳಿ ಅವನ್ನು ತಿನ್ನುತ್ತದೆ, ನಾವು ಅದನ್ನು ಕುಡಿಯುತ್ತೇವೆ.

ಸಕ್ಕರೆಯ ಸರಬತ್ತು ಮಾಡಲೇಬಾರದೆಂದಲ್ಲ. ಮನೆಗೆ ಮೊಮ್ಮಕ್ಕಳು ಬಂದಾಗ ನಾನೂ ಮಾಡುತ್ತೇನೆ. ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆ ಬೇಕು. ಒಂದು ವರ್ಷ ಜಿಪುಣತನ ಮಾಡಿ ಸಮ ಸಮ ಹಾಕಿ, ಮುಚ್ಚಳ ಬಿಗಿದು ಮೂಲೆಗಿಟ್ಟಿದ್ದೆ. ಜೂನ್ ಮೊದಲ ಮಳೆಯ ರಾತ್ರಿ ಢಮ್ ಎಂದಿತು. ಇವರು ಕಳ್ಳ ಬಂದನೆಂದು ಕೋಲು ಹಿಡಿದು ಎದ್ದರು. ಲೈಟ್ ಹಾಕಿದರೆ ಮುಚ್ಚಳ ಸಿಂಕಿನಲ್ಲಿ, ಛಾವಣಿಯ ಮೇಲೆ ಕೆಂಪು ಚಿತ್ತಾರ. ಮೂರು ಸಲ ಸುಣ್ಣ ಬಳಿದರೂ ಆ ಗುರುತು ಮಂಕಾಗಿ ಇಣುಕುತ್ತಿತ್ತು. ಸಕ್ಕರೆ ಕಡಿಮೆಯಾದರೆ ಹುಳಿತು ಉಕ್ಕುತ್ತದೆ, ಸಾಕಷ್ಟು ಹಾಕಿದರೆ ಕುಡಿಯುವವರ ಹೊಟ್ಟೆಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಈ ಲೆಕ್ಕ ನೋಡಿಕೊಂಡೇ ಲೋಟ ಎತ್ತಲಿ.

ಅಂಗಡಿಯ ಬಾಟಲಿಯಲ್ಲಿ ಬಣ್ಣ ನಿಜವೋ ಬೆರಕೆಯೋ ಎಂದು ಅನುಮಾನವಿದ್ದರೆ ಆ ಹುಬ್ಬಳ್ಳಿ ಹುಡುಗಿಗೆ ತೋರಿಸಿದ್ದನ್ನು ನೀವೂ ಮಾಡಿ ನೋಡಿ. ಎರಡು ಗಾಜಿನ ಲೋಟದಲ್ಲಿ ಅರ್ಧರ್ಧ ನೀರು. ಒಂದಕ್ಕೆ ನಮ್ಮನೆ ಆಗಳ ನಾಲ್ಕು ಹನಿ, ಇನ್ನೊಂದಕ್ಕೆ ಅವಳ ಸರಬತ್ತು ನಾಲ್ಕು ಹನಿ. ಎರಡೂ ಗುಲಾಬಿ. ಎರಡಕ್ಕೂ ಅಡುಗೆ ಸೋಡಾ ಅರ್ಧ ಚಮಚ ಹಾಕಿ ಕದಡಿದೆ. ನಮ್ಮದು ಗುಲಾಬಿ ಬಿಟ್ಟು ಮಂಕು ನೀಲಿಗೆ ತಿರುಗಿತು. ಅವಳದು ಕೆಂಪಗೇ ಕೂತಿತ್ತು, ಏನೂ ಆಗಿಲ್ಲವೆನ್ನುವಂತೆ. ಹಣ್ಣಿನ ಕೆಂಪು ಹುಳಿಯಲ್ಲಿ ಮಾತ್ರ ಕೆಂಪು, ಕ್ಷಾರ ಸೇರಿದರೆ ಬಣ್ಣ ಬದಲಿಸುತ್ತದೆ. ನೀಲಿ ಲೋಟ ನೋಡಿ ಅವಳು ಫೋಟೊ ತೆಗೆದುಕೊಂಡಳು. ಅದನ್ನು ಕುಡಿಯಬೇಡಿ, ಚೆಲ್ಲಿ.

ಆಮ್ಸೂಲ್ ಮನೆಯಲ್ಲಿ ಮಾಡುವುದು ಫ್ಲ್ಯಾಟಿನವರಿಗೆ ಕಷ್ಟ. ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಸಿಪ್ಪೆ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಹೀಗೆ ನಾಲ್ಕೈದು ಸಲ ಆಗಬೇಕು. ಟೆರೇಸಿನಲ್ಲಿ ಒಣಗಿಸಿದರೆ ಕಾಗೆ ಒಂದು ಕಡೆ, ಸೊಸೈಟಿಯವರ ಗೊಣಗಾಟ ಇನ್ನೊಂದು ಕಡೆ. ಕೊಂಡುಕೊಳ್ಳಿ, ಆದರೆ ನೋಡಿ ಕೊಳ್ಳಿ. ಬಗ್ಗಿಸಿದರೆ ಬಾಗಬೇಕು, ಮುರಿಯಬಾರದು. ಮೇಲೆ ಬಿಳಿ ಕಂಡರೆ ಬೆರಳಲ್ಲಿ ಉಜ್ಜಿ: ಹರಳು ಹರಳಾದರೆ ಉಪ್ಪು, ಹತ್ತಿಯ ಹಾಗೆ ನಯವಾಗಿ ಮುಗ್ಗಲು ನಾತ ಬಂದರೆ ಬೂಷ್ಟು. ಬೂಷ್ಟು ಬಂದದ್ದನ್ನು ತೊಳೆದು ಬಳಸುವ ಉಳಿತಾಯ ಬೇಡ.

ಆಮ್ಸೂಲ್ ನೆನೆಸಿಟ್ಟಿದ್ದರೆ ಸಾರಿಗೆ ಹತ್ತು ನಿಮಿಷ. ಆರೇಳು ಎಸಳು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ, ಬೆಲ್ಲ, ಹಸಿಮೆಣಸು ಹಾಕಿ ಒಂದು ಕುದಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ. ಉಪ್ಪು ಕೊನೆಗೆ ರುಚಿ ನೋಡಿ, ಆಮ್ಸೂಲಿನಲ್ಲೇ ಇರುತ್ತದೆ. ಸೋಲ್ ಕಡಿಯನ್ನು ನಾನು ಕಲಿತದ್ದು ಮಾಲವಣದ ನೆರೆಮನೆ ಕಾಕೂ ಹತ್ತಿರ. ಅದೇ ನೆನೆಸಿದ ನೀರಿಗೆ ದಪ್ಪ ತೆಂಗಿನ ಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಒಲೆಗೆ ತೋರಿಸಲೇಬಾರದು, ಒಡೆಯುತ್ತದೆ. ಕಾಕೂ ಮನೆಯಲ್ಲಿ ಮೀನಿನೂಟದ ಕೊನೆಗೆ ಅದಿಲ್ಲದೆ ಎಲೆ ಎತ್ತುವುದಿಲ್ಲ. ನಮ್ಮ ತಂಬುಳಿಯ ಅಕ್ಕ ಅದು, ಬೆಳ್ಳುಳ್ಳಿಯೊಂದನ್ನು ಒಪ್ಪಿಕೊಳ್ಳಲು ನನಗೆ ಒಂದೆರಡು ವರ್ಷ ಹಿಡಿಯಿತು.

ಕಾಕೂ ಕಲಿಸಿದ ಇನ್ನೊಂದು: ಮೈಮೇಲೆ ಪಿತ್ತದ ಗಂಧೆ ಎದ್ದರೆ ಆಮ್ಸೂಲ್ ನೆನೆಸಿದ ನೀರು ಹಚ್ಚುವುದು. ನನ್ನ ಮಗನಿಗೆ ಒಂದು ಮೇ ತಿಂಗಳಲ್ಲಿ ಬೆನ್ನು ತುಂಬ ಕೆಂಪು ದದ್ದು ಎದ್ದು ಕೆರೆದು ಕೆರೆದು ಅಳುತ್ತಿದ್ದ. ಕಾಕೂ ನಾಲ್ಕು ಎಸಳು ತಣ್ಣೀರಲ್ಲಿ ಕಿವುಚಿ, ಹಳೇ ಪಂಚೆಯ ತುಂಡಿನಲ್ಲಿ ಅದ್ದಿ ಒರೆಸಿದರು. ಅರ್ಧ ಗಂಟೆಯಲ್ಲಿ ಹುಡುಗ ನಿದ್ದೆ ಹೋದ. ಆಮ್ಸೂಲ್ ಕೆಲಸ ಮಾಡಿತೋ, ತಣ್ಣನೆ ಬಟ್ಟೆ ಕೆಲಸ ಮಾಡಿತೋ, ತುರಿಕೆಯಂತೂ ನಿಂತಿತು. ಕೆರೆದು ಗಾಯವಾದ ಜಾಗಕ್ಕೆ ಹಚ್ಚಬೇಡಿ, ಉಪ್ಪು ಹುಳಿ ಸೇರಿ ಉರಿ ಹತ್ತುತ್ತದೆ. ತುಟಿ, ಕಣ್ಣು ರೆಪ್ಪೆ ಊದಿದರೆ, ಉಸಿರು ಕಟ್ಟಿದ ಹಾಗಾದರೆ ಆಮ್ಸೂಲ್ ಹುಡುಕುತ್ತಾ ನಿಲ್ಲಬೇಡಿ, ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಿ.

ಇನ್ನು ತೆಗೆದಿಟ್ಟ ಬೀಜ. ತಿರುಳು ತೊಳೆದು ಖಣಖಣ ಒಣಗಿಸಿ ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಆರಿದ ಮೇಲೆ ಹೆಪ್ಪುಗಟ್ಟಿದ್ದನ್ನು ಎತ್ತಿ ಉಂಡೆ ಮಾಡಿದರೆ ಅದೇ ಮುರುಗಲ ತುಪ್ಪ. ಇಲ್ಲಿನವರು ಕೋಕಮ್ ತೇಲ್ ಎಂದು ಮೊಟ್ಟೆ ಆಕಾರದ ಗಟ್ಟಿಯನ್ನು ಮಾರುತ್ತಾರೆ. ತೇಲ್ ಎನ್ನುತ್ತಾರೆ, ಆದರೆ ಮುಂಬಯಿಯ ಸೆಕೆಯಲ್ಲೂ ಕರಗದೆ ಮೇಣದ ಹಾಗೆ ಕೂತಿರುತ್ತದೆ. ಸುಮಾರು 40 ಡಿಗ್ರಿ ಬಿಸಿ ಬೇಕು ಅದಕ್ಕೆ. ಆಯಿ ಚಮಚದಲ್ಲಿಟ್ಟು ದೀಪಕ್ಕೆ ಹಿಡಿದು ಕರಗಿಸಿ, ಗದ್ದೆಯಿಂದ ಬಂದವರ ಒಡೆದ ಹಿಮ್ಮಡಿಯ ಸೀಳಿನೊಳಗೆ ಬಿಸಿ ಬಿಸಿ ಹನಿಸುತ್ತಿದ್ದಳು. ಸೀಳಿನೊಳಗೇ ಗಟ್ಟಿಯಾಗಿ ಕೂರುವುದರಿಂದ ಮಣ್ಣು ಹೋಗುವುದಿಲ್ಲ, ಚರ್ಮ ಒಣಗುವುದಿಲ್ಲ. ನಾನು ರಾತ್ರಿ ಕಾಲು ತೊಳೆದು ಹಚ್ಚಿ ಹಳೇ ಸಾಕ್ಸ್ ಹಾಕಿ ಮಲಗುತ್ತೇನೆ. ತುಟಿಗೂ ಆಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಮಾತ್ರ ಇದನ್ನು ಹಚ್ಚಿ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ರಕ್ತದೊತ್ತಡ ಇರುವವರಿಗೆ ಆಗಳದ ಉಪ್ಪು ಆಗಿ ಬರುವುದಿಲ್ಲ. ಅವರು ಆಮ್ಸೂಲನ್ನು ಒಮ್ಮೆ ತೊಳೆದು ನೆನೆಸಿ ತೆಳ್ಳಗೆ ಕುಡಿಯುವುದು ಮೇಲು.

ಸಣ್ಣಗಾಗಲು ಗಾರ್ಸಿನಿಯಾ ಮಾತ್ರೆ ತಿನ್ನುವವರ ಬಗ್ಗೆಯೂ ಒಂದು ಮಾತು. ಅದು ಹೆಚ್ಚಾಗಿ ನಮ್ಮೂರಿನ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸತ್ವ, ಮುರುಗಲಿನ ದಾಯಾದಿ. ಸಾರಿನ ಹುಳಿ ಬೇರೆ, ಅದನ್ನೇ ಹಿಂಡಿ ಹಿಂಡಿ ಮಾತ್ರೆ ಮಾಡಿದ್ದು ಬೇರೆ. ಅಂಥ ಮಾತ್ರೆ ತಿಂದು ಯಕೃತ್ತಿಗೆ ಪೆಟ್ಟಾದ ಉದಾಹರಣೆಗಳಿವೆ. ನಾನಂತೂ ಯಾರಿಗೂ ಬೇಡ ಎನ್ನುತ್ತೇನೆ.

ಬರುವ ಭಾನುವಾರ ಹುಬ್ಬಳ್ಳಿ ಹುಡುಗಿಯನ್ನು ಕರೆದುಕೊಂಡು ದಾದರಿಗೆ ಹೊರಟಿದ್ದೇನೆ. ಬೆಳಿಗ್ಗೆ ಏಳಕ್ಕೇ ಹೋಗಬೇಕು, ಹತ್ತು ಗಂಟೆಯಾದರೆ ಉಳಿಯುವುದು ಜಜ್ಜಿ ಹೋದವು. ಪ್ಲಾಸ್ಟಿಕ್ ಚೀಲ ಬೇಡ, ವಾಪಸು ಬರುವ ಲೋಕಲ್ಲಿನ ನೂಕುನುಗ್ಗಲಿಗೆ ಹಣ್ಣು ಅಪ್ಪಚ್ಚಿಯಾಗುತ್ತದೆ, ದೊಡ್ಡ ಸ್ಟೀಲ್ ಡಬ್ಬಿ ತಾ ಎಂದಿದ್ದೇನೆ. ಬಿಳಿ ಚೂಡಿದಾರ ಹಾಕಿಕೊಂಡು ಬರಬೇಡ ಎಂದೂ ಹೇಳಿದ್ದೇನೆ. ಕೇಳುತ್ತಾಳೋ ಇಲ್ಲವೋ.