ಚಿಟ್ಟೆಯ ಕುಲ ಬದಲಿಸುವ ಮುನ್ನ: ವನೆಸ್ಸಾ ಉದಾಹರಣೆ

ರೆಕ್ಕೆಯ ಬಣ್ಣ ನೋಡಿ ಕಟ್ಟಿದ ಕುಲಗಳು (ಹತ್ತಿರದ ಪ್ರಭೇದಗಳ ಗುಂಪು, ಜೀನಸ್) ಡಿಎನ್‌ಎ ಪರೀಕ್ಷೆಯಲ್ಲಿ ಒಡೆಯುವುದು ಹೊಸದಲ್ಲ. ಆಫ್ರಿಕಾದ ಅಂಟನಾರ್ಷಿಯಾ ಕುಲದ ಹಿಪೊಮೀನಿ, ಡೈಮಾರ್ಫಿಕಾ, ಅಬಿಸಿನಿಕಾ ಪ್ರಭೇದಗಳು 2011ರ ವಂಶವೃಕ್ಷದಲ್ಲಿ ವನೆಸ್ಸಾ ಕವಲಿಗೆ ಸೇರಿದವು. ಈ ಮೂರರ ಕುಲದ ಹೆಸರೂ ವನೆಸ್ಸಾ ಎಂದು ಬದಲಾಯಿತು.

ಮಾದರಿ ಪಟ್ಟಿಯಲ್ಲಿ ಪ್ರತಿ ಕುಲದ ಟೈಪ್ ಪ್ರಭೇದ (ಕುಲದ ಹೆಸರಿಗೆ ಆಧಾರವಾದ ಪ್ರಭೇದ) ಇರಲೇಬೇಕು: ವನೆಸ್ಸಾಗೆ ಅಟಲಾಂಟಾ, ಅಂಟನಾರ್ಷಿಯಾಗೆ ಡೀಲಿಯಸ್. ಕುಲದ ಹೆಸರು ಟೈಪ್ ಪ್ರಭೇದ ಇರುವ ಕವಲಿಗೇ ಸಲ್ಲುತ್ತದೆ. ಅದನ್ನು ಬಿಟ್ಟು ಮಿಕ್ಕೆಲ್ಲ ಪ್ರಭೇದಗಳ ಡಿಎನ್‌ಎ ಓದಿದರೂ ಯಾವ ಕವಲಿಗೆ ಯಾವ ಹೆಸರೆಂದು ತೀರ್ಮಾನಿಸಲಾಗದು. ಹೊರಗುಂಪಾಗಿ (ಹೋಲಿಕೆಗೆ ಇಡುವ ಹೊರಗಿನ ಸಂಬಂಧಿಗಳಾಗಿ) ಅಗ್ಲೈಸ್, ನಿಂಫಾಲಿಸ್ ಕುಲಗಳ ಪ್ರಭೇದಗಳು ಸಾಕು. ಭಾರತದ ಮಾದರಿಗಳನ್ನು ಹೊರದೇಶಕ್ಕೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿ ಮೊದಲೇ ಪಡೆಯಿರಿ.

ಪ್ರತಿ ಚಿಟ್ಟೆಯ ಒಂದೆರಡು ಕಾಲು ತೆಗೆದು 96% ಎಥನಾಲ್‌ನಲ್ಲಿ, −20 ಡಿಗ್ರಿಯಲ್ಲಿ ಇಡಿ. ಫಾರ್ಮಲಿನ್ ಬೇಡ, ಅದು ಡಿಎನ್‌ಎ ಕೆಡಿಸುತ್ತದೆ. ರೆಕ್ಕೆ ಮತ್ತು ಹೊಟ್ಟೆಯನ್ನು ಅದೇ ಸಂಖ್ಯೆಯ ಚೀಟಿಯೊಂದಿಗೆ ಉಳಿಸಿಕೊಳ್ಳಿ. ಫಲಿತಾಂಶ ವಿಚಿತ್ರವಾಗಿ ಬಂದಾಗ ಜನನಾಂಗ ಬಿಡಿಸಿ ನೋಡಲು ಬೇಕಾಗುತ್ತದೆ.

ಮೈಟೊಕಾಂಡ್ರಿಯಾದ ಸಿಓಐ ಜೀನ್‌ನ 658 ಅಕ್ಷರಗಳ ತುಣುಕಿಗೆ ಎಲ್‌ಸಿಓ1490, ಎಚ್‌ಸಿಓ2198 ಪ್ರೈಮರ್‌ಗಳು (ನಕಲು ಶುರುಮಾಡುವ ಗಿಡ್ಡ ಡಿಎನ್‌ಎ ತುಂಡುಗಳು). ಆ ತುಣುಕನ್ನು ಅಸಂಖ್ಯ ನಕಲು ಮಾಡುವ ಪಿಸಿಆರ್: 95 ಡಿಗ್ರಿಯಲ್ಲಿ 5 ನಿಮಿಷ, ಬಳಿಕ 94ರಲ್ಲಿ 30 ಸೆಕೆಂಡು, 50ರಲ್ಲಿ 30 ಸೆಕೆಂಡು, 72ರಲ್ಲಿ 90 ಸೆಕೆಂಡು, ಹೀಗೆ 40 ಸುತ್ತು, ಕೊನೆಗೆ 72ರಲ್ಲಿ 10 ನಿಮಿಷ. ಡಿಎನ್‌ಎ ಹಾಕದ ಒಂದು ಟ್ಯೂಬೂ ಜೊತೆಗಿರಲಿ. ಜೆಲ್‌ನಲ್ಲಿ ಓಡಿಸಿದಾಗ ಅದರಲ್ಲಿ ಡಿಎನ್‌ಎ ಪಟ್ಟೆ ಕಂಡರೆ ಆ ಇಡೀ ಕಂತನ್ನು ಎಸೆಯಿರಿ.

ಎಡವುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ಸಿಓಐ ಒಂದನ್ನೇ ನಂಬಿ ಕುಲ ಬದಲಿಸಬೇಡಿ. ಅದು ತಾಯಿಯಿಂದ ಮಾತ್ರ ಬರುತ್ತದೆ, ಕೀಟಗಳ ಜೀವಕೋಶದೊಳಗೆ ಬದುಕುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಅದರ ಚರಿತ್ರೆಯನ್ನು ತಿರುಚಬಲ್ಲದು; ಕೋಡಾನ್‌ನ (ಮೂರಕ್ಷರದ ಗುಂಪಿನ) ಮೂರನೇ ಸ್ಥಾನ ಪದೇ ಪದೇ ಬದಲಾಗಿ ಹಳೆಯ ಕವಲುಗಳ ಮಟ್ಟಿಗೆ ಸವೆದುಹೋಗಿರುತ್ತದೆ. ಇಎಫ್-1 ಆಲ್ಫಾ, ವಿಂಗ್‌ಲೆಸ್ ಮುಂತಾದ ನ್ಯೂಕ್ಲಿಯರ್ ಜೀನ್‌ಗಳನ್ನೂ ಓದಿಸಿ. ಸಿಓಐ ಅನ್ನು ಅಕಶೇರುಕ ಮೈಟೊಕಾಂಡ್ರಿಯಾ ಸಂಕೇತದಲ್ಲಿ ಪ್ರೋಟೀನಿಗೆ ಅನುವಾದಿಸಿ; ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನು ಇಲ್ಲಿಗೆ ಮುಗಿಯಿತೆನ್ನುವ ಸಂಕೇತ) ಬಂದರೆ ಓದಿನ ತಪ್ಪಿರಬಹುದು, ಇಲ್ಲವೇ ನ್ಯೂಕ್ಲಿಯಸ್‌ಗೆ ಸೇರಿಕೊಂಡ ನಕಲು ಇರಬಹುದು. ಜೀನ್‌ಗಳನ್ನು ಜೋಡಿಸುವ ಮೊದಲು ಪ್ರತಿಯೊಂದಕ್ಕೂ ಪ್ರತ್ಯೇಕ ವೃಕ್ಷ ಕಟ್ಟಿ. ಒಂದೇ ಜೀನ್‌ನಲ್ಲಿ ಒಂದು ಮಾದರಿ ದೂರ ಜಿಗಿದಿದ್ದರೆ ಮೊದಲು ಟ್ಯೂಬು ಅದಲುಬದಲಾಗಿದೆಯೇ ನೋಡಿ, ಸಿದ್ಧಾಂತ ಆಮೇಲೆ.

ವೃಕ್ಷ ಕಟ್ಟುವ ಐಕ್ಯೂ-ಟ್ರೀ ತಂತ್ರಾಂಶದಲ್ಲಿ 1000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ಕವಲು ಎಷ್ಟು ಗಟ್ಟಿಯೆಂದು ಅಳೆಯುವ ಮರುಮಾದರಿ ಪರೀಕ್ಷೆ) ಓಡಿಸಿದಾಗ 95ಕ್ಕಿಂತ ಕಡಿಮೆ ಬೆಂಬಲದ ಕವಲಿನ ಮೇಲೆ ಹೆಸರು ಕಟ್ಟಬೇಡಿ. ಬೆಂಬಲ ಗಟ್ಟಿಯಿದ್ದು, ಒಂದು ಕುಲದ ಕೆಲವೇ ಪ್ರಭೇದಗಳು ಇನ್ನೊಂದರೊಳಗೆ ಬಿದ್ದರೆ, ಅಷ್ಟನ್ನೇ ವರ್ಗಾಯಿಸಿ. ಹೊಸ ಕುಲ ಸೃಷ್ಟಿ ಕೊನೆಯ ದಾರಿ.

ಹೆಸರು ಬದಲಾದರೂ ಪ್ರಭೇದದ ಕರ್ತೃ (ಅದಕ್ಕೆ ಮೊದಲು ಹೆಸರಿಟ್ಟವರು) ಬದಲಾಗುವುದಿಲ್ಲ, ಆವರಣ ಚಿಹ್ನೆಯೊಳಗೆ ಹೋಗುತ್ತಾರೆ: ವನೆಸ್ಸಾ ಡೈಮಾರ್ಫಿಕಾ (ಹೋವರ್ತ್, 1966). ಹೊಸ ಕುಲದಲ್ಲಿ ಅದೇ ಪ್ರಭೇದನಾಮ ಬೇರೊಂದಕ್ಕೆ ಈಗಾಗಲೇ ಇದೆಯೇ ಎಂದೂ ಹುಡುಕಿ. ಹಳೆಯ ಹೆಸರನ್ನು ಸಮನಾಮಗಳ (ಅದೇ ಪ್ರಭೇದದ ಇತರ ಹೆಸರುಗಳ) ಪಟ್ಟಿಯಲ್ಲಿ ಕೊಡಿ; ಕರ್ನಾಟಕದಲ್ಲೂ ಹಾರುವ ವನೆಸ್ಸಾ ಕಾರ್ಡುಯಿ ಎಷ್ಟೋ ಹಳೆಯ ಪುಸ್ತಕಗಳಲ್ಲಿ ಇಂದಿಗೂ ಸಿಂಥಿಯಾ ಕಾರ್ಡುಯಿ.