ಶಾಲೆಯ ಫೈಲು ಶಾಲೆಯಲ್ಲೇ ಉಳಿಯಲಿ: ತರಗತಿಗೆ ಕ್ಲೌಡ್ ಬಳಸೋದು ಹೇಗೆ

ಮೂರು ವರ್ಷ ಕೂತು ಮಾಡಿದ ಎಂಟನೇ ಕ್ಲಾಸಿನ ವಿಜ್ಞಾನದ ಸ್ಲೈಡುಗಳು ನಮ್ಮ ಶಾಲೆಯ ಕೈತಪ್ಪಿ ಹೋದವು. ಯಾರೂ ಅಳಿಸಲಿಲ್ಲ. ಎಲ್ಲವೂ ಒಬ್ಬ ಮೇಷ್ಟ್ರ ಸ್ವಂತ ಜಿಮೇಲ್‌ನಲ್ಲಿದ್ದವು, ಅವರಿಗೆ ವರ್ಗವಾಯಿತು, ಫೋನ್ ನಂಬರೂ ಬದಲಾಯಿತು, ಪಾಸ್‌ವರ್ಡ್ ಮರೆತೇಹೋಯಿತು. ಹಾಗಾಗಿ ಮೊದಲು ಶಾಲೆಯ ಹೆಸರಿನಲ್ಲಿ ಒಂದು ಗೂಗಲ್ ಖಾತೆ ಮಾಡಿ. ರಿಕವರಿಗೆ ಶಾಲೆಯ ನಂಬರನ್ನೇ ಕೊಡಿ. ಪಾಸ್‌ವರ್ಡ್ ಬರೆದ ಕವರ್ ಹೆಡ್‌ಮೇಷ್ಟ್ರ ಬೀರುವಿನಲ್ಲಿರಲಿ.

ಮಾಮೂಲಿ ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತ. ಮೇಲ್, ಡ್ರೈವ್ (ನೆಟ್‌ನಲ್ಲಿ ಫೈಲು ಇಡುವ ಗೂಗಲ್‌ನ ಜಾಗ, ಕ್ಲೌಡ್ ಅಂದರೆ ಇಂಥದ್ದೇ), ಫೋಟೋ ಎಲ್ಲ ಸೇರಿ ಅಷ್ಟೇ. ಪಾಠಕ್ಕೆ, ಪ್ರಶ್ನೆಪತ್ರಿಕೆಗೆ ಧಾರಾಳ ಸಾಕು, ವಾರ್ಷಿಕೋತ್ಸವದ ವಿಡಿಯೋ ಮಾತ್ರ ತುಂಬಬೇಡಿ. ತರಗತಿಗೊಂದು ಫೋಲ್ಡರ್, ಒಳಗೆ ವಿಷಯಕ್ಕೊಂದು. ಅದಕ್ಕಿಂತ ಜಾಸ್ತಿ ಮಾಡಿದರೆ ಯಾರಿಗೂ ಏನೂ ಸಿಗೋದಿಲ್ಲ.

ಹಳೇ ನೋಟ್ಸ್ ಅಪ್‌ಲೋಡ್ ಮಾಡುವಾಗ ಒಂದು ತೊಡಕಿದೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಡ್ರೈವ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಗಾಬರಿ ಬೇಡ. ಆ ಬರಹ ಕನ್ನಡವಾಗಿ ಕಾಣಬೇಕಾದರೆ ಆ ಫಾಂಟೇ ಬೇಕು, ಅದು ಡ್ರೈವ್‌ನಲ್ಲಿಲ್ಲ. ಮೊದಲು ಯೂನಿಕೋಡ್‌ಗೆ, ಅಂದರೆ ಆ ಫಾಂಟ್ ಇಲ್ಲದೆಯೂ ಕನ್ನಡವಾಗೇ ಕಾಣುವ ಅಕ್ಷರ ವ್ಯವಸ್ಥೆಗೆ, ಬದಲಿಸಿಕೊಳ್ಳಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯಾ ಅಂತ ಒಮ್ಮೆ ಕಣ್ಣಾಡಿಸಿ. ಟೈಪಿಂಗ್ ನಿಧಾನ ಅನ್ನುವವರು ಗೂಗಲ್ ಡಾಕ್ಸ್‌ನ (ಡ್ರೈವ್‌ನಲ್ಲೇ ಬರೆಯುವ ಸಾಧನ) ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ತೆರೆದು ಕನ್ನಡ ಆರಿಸಿ, ಬಾಯಲ್ಲೇ ಹೇಳಿ.

ನೆಟ್ ಹೋಗುತ್ತದೆ, ಅಲ್ವಾ? ಹೋಗೇ ಹೋಗುತ್ತದೆ ಅಂದುಕೊಂಡೇ ತಯಾರಾಗಿ. ನೆಟ್ ಇರುವಾಗಲೇ ಕ್ರೋಮ್‌ನಲ್ಲಿ ಡ್ರೈವ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಿ, ನಾಳೆ ಬೇಕಾದ ಡಾಕ್ಸ್, ಸ್ಲೈಡ್ಸ್ ಫೈಲುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಆಫ್‌ಲೈನ್‌ಗೆ ಇಟ್ಟುಕೊಳ್ಳಿ. ಆಗ ನೆಟ್ ಇಲ್ಲದೆಯೂ ತಿದ್ದಬಹುದು, ನೆಟ್ ಬಂದಾಗ ತಿದ್ದಿದ್ದು ತಾನೇ ಮೇಲೆ ಹೋಗುತ್ತದೆ. ವಿಡಿಯೋಗೆ ಪೆನ್‌ಡ್ರೈವೇ ವಾಸಿ.

ಮಕ್ಕಳ ಕೈಗೆ ಕೊಡುವ ವಿಚಾರ ಮುಖ್ಯವಾದದ್ದು. ಶಾಲೆಯ ಮೂಲ ಖಾತೆಯನ್ನು ಲ್ಯಾಬಿನ ಸಿಸ್ಟಂಗಳಲ್ಲಿ ಯಾವತ್ತೂ ತೆರೆಯಬೇಡಿ. ಲ್ಯಾಬಿಗೆ ಅಂತಲೇ ಬೇರೆ ಖಾತೆ ಮಾಡಿ, ಒಂದೇ ಒಂದು ಫೋಲ್ಡರನ್ನು ಅದಕ್ಕೆ ಹಂಚಿ. ನಮ್ಮೂರ ಕೆರೆ ಅಂತ ಒಂದು ಡಾಕ್ಸ್ ಫೈಲು ತೆರೆದು, ಒಂದು ಗುಂಪು ಕೆರೆ ಕಟ್ಟಿದ ಕಥೆ, ಇನ್ನೊಂದು ಗುಂಪು ಅಲ್ಲಿಗೆ ಬರುವ ಹಕ್ಕಿಗಳು, ಮತ್ತೊಂದು ಅಜ್ಜ ಅಜ್ಜಿಯರನ್ನು ಕೇಳಿ ತಂದ ಮಾತು, ಹೀಗೆ ನಾಲ್ಕು ಸಿಸ್ಟಂಗಳಿಂದ ಒಟ್ಟಿಗೆ ಬರೆಯುವಾಗ ಪಕ್ಕದ ಗುಂಪಿನ ಸಾಲು ತಮ್ಮ ಪರದೆಯ ಮೇಲೆ ಮೂಡುವುದನ್ನು ನೋಡುವ ಮಕ್ಕಳ ಮುಖ ನೋಡಬೇಕು ನೀವು! ಎಲ್ಲರೂ ಒಂದೇ ಖಾತೆಯಲ್ಲಿರುವುದರಿಂದ ಯಾರು ಬರೆದರು ಅಂತ ತಿಳಿಯೋದಿಲ್ಲ, ಗುಂಪಿಗೊಂದು ಬಣ್ಣ ಕೊಡಿ. ಯಾರಾದರೂ ಪೂರ್ತಿ ಅಳಿಸಿಬಿಟ್ಟರೆ ಬೈಯಬೇಡಿ, ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಿಂದ ಹಿಂದಿನದನ್ನು ವಾಪಸ್ ತರಬಹುದು. ಇದನ್ನು ಮಕ್ಕಳಿಗೂ ತೋರಿಸಿ, ಭಯ ಹೋಗುತ್ತದೆ. ಫೈಲೇ ಅಳಿಸಿಹೋದರೆ 30 ದಿನ ಟ್ರ್ಯಾಶ್‌ನಲ್ಲಿರುತ್ತದೆ.

ಕಿರುಪರೀಕ್ಷೆಗೆ ಗೂಗಲ್ ಫಾರ್ಮ್ಸ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಮಾಡಿ, ಸರಿಯುತ್ತರ ಗುರುತಿಸಿಟ್ಟರೆ ಅಂಕ ಅದೇ ಹಾಕುತ್ತದೆ. ಮನೆಯಲ್ಲಿ ಫೋನಿಲ್ಲದ ಮಕ್ಕಳಿರುತ್ತಾರೆ, ಅದನ್ನು ಶಾಲೆಯಲ್ಲೇ ಮಾಡಿಸಿ.

ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನುವ ಆಯ್ಕೆ ನೋಟ್ಸಿಗೆ ಸರಿ. ಅಂಕಪಟ್ಟಿ, ಆಧಾರ್ ನಂಬರ್, ಮಕ್ಕಳ ಫೋಟೋಗೆ ಬೇಡವೇ ಬೇಡ. ವಾಟ್ಸಾಪ್ ಗ್ರೂಪಿಗೆ ಹೋದ ಲಿಂಕು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅಂಥ ಫೈಲುಗಳನ್ನು ಹೆಡ್‌ಮೇಷ್ಟ್ರು, ಕ್ಲಾಸ್ ಟೀಚರ್ ಇಬ್ಬರ ಮೇಲ್‌ಗೆ ಮಾತ್ರ ಹಂಚಿ.